ಹಿಡಿಯೊಳಗಿನ ತುಕ್ಕು

ಯಾರಿಗಾದರೂ ಕತ್ತರಿ ಕೊಡಬೇಕಾದರೆ ಕಣ್ಣು ಮುಚ್ಚಿಕೊಂಡು ಕೊಡುವವಳು ನಾನು. ನಮ್ಮ ಮನೆಯಲ್ಲಿ ಕುಂಬಳಕಾಯಿ ಒಡೆಯುವುದು ಯಾವತ್ತೂ ಗಂಡನ ಕೆಲಸ. ಆ ಹೊತ್ತಿನಲ್ಲಿ ನಾನು ಪಕ್ಕದ ಕೋಣೆಯಲ್ಲಿ ನಿಂತು, ಯಾವ ಫ್ರೀವೇ ಹಿಡಿದರೆ ಎಮರ್ಜೆನ್ಸಿಗೆ ಬೇಗ ಮುಟ್ಟಬಹುದು ಎಂದು ಯೋಚಿಸುತ್ತಿರುತ್ತೇನೆ. ಇಂಥವಳು ಹಳೆಯ ಜಪಾನೀ ಕತ್ತಿಗಳನ್ನು ಸಂಗ್ರಹಿಸುತ್ತಾಳೆ ಎಂದರೆ ನೀವು ನಂಬಲಾರಿರಿ. ಸಂಗ್ರಹ ಎನ್ನುವುದೂ ಸ್ವಲ್ಪ ದೊಡ್ಡ ಮಾತೇ. ಸದ್ಯಕ್ಕೆ ಇರುವುದು ಒಂದೇ ಕತ್ತಿ. ಆದರೆ ಒಂದೇ ಮಗು ಇರುವವಳನ್ನೂ ಜನ ತಾಯಿ ಎಂದೇ ಕರೆಯುತ್ತಾರಲ್ಲ, ಹಾಗೆ ಅಂದುಕೊಳ್ಳಿ.

ಈ ಹುಚ್ಚು ನನಗೆ ಹತ್ತಿದ್ದು ಹಲ್ಲಿನ ಮೂಲಕ. ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನಲ್ಲಿ ನನ್ನ ಆಫೀಸಿನ ಹತ್ತಿರವೇ ಮೋರಿ ಎಂಬ ಹಿರಿಯ ದಂತವೈದ್ಯರಿದ್ದರು. ಅವರ ಕೋಣೆಯ ಗೋಡೆಯ ಮೇಲೆ ಹಲ್ಲಿನ ಚಿತ್ರದ ಬದಲು ಕತ್ತಿಯ ಚಿತ್ರವಿತ್ತು. ರೂಟ್ ಕೆನಾಲಿನ ಭಯ ಮರೆಯಲು, ಅದೇನು ಎಂದು ಕೇಳಿಬಿಟ್ಟೆ. ಬಾಯಿ ತೆರೆದುಕೊಂಡು ಮಲಗಿದವಳಿಗೆ ಸಾಕು ನಿಲ್ಲಿಸಿ ಎನ್ನುವ ಸೌಲಭ್ಯವಿರುವುದಿಲ್ಲ. ಹಲ್ಲು ಸರಿಹೋಗುವಷ್ಟರಲ್ಲಿ ಜಪಾನಿನ ಕಮ್ಮಾರಿಕೆಯ ಅರ್ಧ ಚರಿತ್ರೆ ನನ್ನ ಕಿವಿಗೆ ಬಿದ್ದಿತ್ತು. ಆಮೇಲೆ ಅವರು ನಿವೃತ್ತರಾದರು. ಲೈಬ್ರರಿಯೊಂದರ ಕೋಣೆಯಲ್ಲಿ ಶನಿವಾರ ಸೇರುವ ಅವರ ಕತ್ತಿ ಬಳಗಕ್ಕೆ ನಾನೂ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂರತೊಡಗಿದೆ.

ಮೋರಿಯವರ ಮೊದಲ ಪಾಠ, ಬಹಳ ಕಾಲ ಏನನ್ನೂ ಕೊಳ್ಳಬೇಡಿ, ಬರೀ ನೋಡಿ ಎಂಬುದು. ಅಲಗಿಗೆ ಬೆರಳು ತಾಗಿಸಬಾರದು, ಬೆವರು ಉಕ್ಕನ್ನು ತಿನ್ನುತ್ತದೆ. ಅದರ ಮುಂದೆ ಮಾತಾಡಬಾರದು, ಎಂಜಲು ಹಾರುತ್ತದೆ. ಇಡೀ ಬಳಗ ಬಾಯಿ ಮುಚ್ಚಿಕೊಂಡು, ದೀಪದ ಕೆಳಗೆ ಒಬ್ಬೊಬ್ಬರಾಗಿ ಕತ್ತಿಯನ್ನು ಓರೆ ಮಾಡಿ ನೋಡುತ್ತಿದ್ದರೆ ನನಗೆ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಕೂತ ನನ್ನ ಅಮ್ಮ ನೆನಪಾಗುತ್ತಿದ್ದಳು. ಅಂಗಡಿಯವನು ಸೆರಗು ಬಿಚ್ಚಿ ಎಷ್ಟೇ ಹಾಡಿ ಹೊಗಳಿದರೂ ಅವಳು ಮಾತಾಡುತ್ತಿರಲಿಲ್ಲ. ಸೀರೆಯನ್ನು ತಿರುವಿ ಹಿಂಬದಿ ನೋಡುತ್ತಿದ್ದಳು. ಕೈಮಗ್ಗದ್ದೋ ಯಂತ್ರದ್ದೋ ಎಂಬ ಗುಟ್ಟು ಬಯಲಾಗುವುದು ಅಲ್ಲೇ. ಅಂಚು ಒಡಲಿಗೆ ಸೇರುವ ಕಡೆ ಕೈಯ ಕೆಲಸ ಒಂದಿಷ್ಟು ತಡವರಿಸಿರುತ್ತದೆ.

ಕತ್ತಿಗೂ ಅಂಚಿದೆ ಎಂದು ತಿಳಿದಾಗ ನಾನು ಸೋತೇ ಹೋದೆ. ಕಾಯಿಸುವ ಮುನ್ನ ಅಲಗಿಗೆ ಮಣ್ಣು ಮೆತ್ತಿ, ಕತ್ತರಿಸುವ ಬಾಯಿಯ ಕಡೆ ಮಾತ್ರ ತೆಳುವಾಗಿಟ್ಟು, ಆಮೇಲೆ ನೀರಿಗೆ ಅದ್ದುತ್ತಾರೆ. ತೆಳುವಾದ ಕಡೆ ಉಕ್ಕು ಗಡಸಾಗಿ, ಅಲಗಿನುದ್ದಕ್ಕೂ ಹಾಲಿನ ಕೆನೆಯಂಥ ಬಿಳಿ ಅಲೆಯೊಂದು ಮೂಡುತ್ತದೆ. ನಕಲಿ ಮಾಡುವವರು ಆ ಅಲೆಯನ್ನು ಆಸಿಡ್ಡಿನಿಂದ ಬರೆಯುತ್ತಾರೆ. ಅದು ತೀರಾ ಸ್ಪಷ್ಟ, ತೀರಾ ಸಮ. ಬಳಗದಲ್ಲಿ ಮೊದಲ ಸಲ ಅಂಥದೊಂದು ನನ್ನ ಮುಂದೆ ಬಂದಾಗ ಬಾಯಿ ತಪ್ಪಿ "ಪವರ್‌ಲೂಮ್" ಎಂದುಬಿಟ್ಟೆ. ಮೋರಿ ಅರ್ಥ ಕೇಳಿ ತಿಳಿದುಕೊಂಡು ನಕ್ಕರು. ಈಗ ಅಲ್ಲಿನವರು ನಕಲಿ ಕತ್ತಿಗೆಲ್ಲ ಪವರ್‌ಲೂಮ್ ಎಂದೇ ಹೇಳುತ್ತಾರೆ. ಕ್ಯಾಲಿಫೋರ್ನಿಯಾಕ್ಕೆ ಇದು ನನ್ನ ಮೊದಲ ಕಾಣಿಕೆ.

ನಮ್ಮ ನಾಡಿನಲ್ಲೂ ಕತ್ತಿಗಳಿಗೇನು ಕಡಿಮೆಯಿತ್ತೇ? ಊರೂರಿನ ವೀರಗಲ್ಲಿನಲ್ಲಿ ಒಬ್ಬ ಕತ್ತಿ ಎತ್ತಿ ನಿಂತಿದ್ದಾನೆ. ಕಲ್ಲಿನ ಕತ್ತಿ ಉಳಿಯಿತು, ಕಬ್ಬಿಣದ್ದು ಬಹಳಷ್ಟು ಮಣ್ಣಾಯಿತು. ಜಪಾನಿನವರು ತಮ್ಮದಕ್ಕೆ ಲವಂಗದ ಎಣ್ಣೆ ಸವರಿ ತಲೆಮಾರುಗಟ್ಟಲೆ ಕಾಪಾಡಿದರು. ನಾವು ಲವಂಗದ ಎಣ್ಣೆಯನ್ನು ಹಲ್ಲುನೋವಿಗೆ ಖರ್ಚು ಮಾಡಿದೆವು. ಈಗ ನಾನು ತಿಂಗಳಿಗೊಮ್ಮೆ ಕತ್ತಿಗೆ ಎಣ್ಣೆ ಸವರಿದಾಗೆಲ್ಲ ಓಕ್ಲ್ಯಾಂಡಿನಾಚೆಯ ನೆವಾರ್ಕಿನ ನಮ್ಮ ಮನೆಗೆ ದವಡೆ ನೋಯುತ್ತಿರುವವರ ವಾಸನೆ ಬರುತ್ತದೆ.

ಆ ಕತ್ತಿ ಸಿಕ್ಕಿದ್ದು ವಾಲ್ನಟ್ ಕ್ರೀಕ್ ಎಂಬ ಊರಿನಲ್ಲಿ. ಮನೆ ಖಾಲಿ ಮಾಡುವವರೊಬ್ಬರು ಗರಾಜಿನಲ್ಲಿ ಸಾಮಾನು ಮಾರುತ್ತಿದ್ದರು. ನಾನೂ ನನ್ನ ಗಂಡ ಸುಧೀಂದ್ರನೂ ಪುಸ್ತಕದ ಕಪಾಟು ನೋಡಲು ಹೋಗಿದ್ದೆವು. ಗಾಲ್ಫ್ ಕೋಲುಗಳ ನಡುವೆ ಒಂದು ಗಿಡ್ಡ ಕತ್ತಿ ಕೊಡೆಯ ಹಾಗೆ ನಿಂತಿತ್ತು. ನನಗಿಂತ ಮೊದಲೇ ವ್ಯಾಪಾರಿಯೊಬ್ಬ ಹಿಡಿ ಕಳಚಿ ನೋಡಿ, ಕಮ್ಮಾರನ ಸಹಿಯಿಲ್ಲ, ಮೇಲಾಗಿ ಹಿಡಿಯ ಗೂಟಕ್ಕೆಂದು ಇರುವ ತೂತಿನ ಜೊತೆಗೆ ಬೇಡದ ಜಾಗದಲ್ಲಿ ಇನ್ನೊಂದು ಎಂದು ಗೊಣಗಿ ಹೋದ. ನಾನು ಕೈಗೆತ್ತಿಕೊಂಡೆ. ಹಿಡಿಯೊಳಗೆ ಅಡಗಿರುವ ಆ ಕಬ್ಬಿಣದ ಬಾಲವೇ ಕತ್ತಿಯ ಹಿಂಬದಿ. ಅದರ ತುದಿಯ ಕಡೆಯ ತುಕ್ಕು ಕಾಡಿಗೆಯಂತೆ ಕಪ್ಪು, ಮೇಲಿನ ಭಾಗದ್ದು ಕಾಫಿಪುಡಿಯ ಕಂದು. ತುಕ್ಕು ಹಳೆಯದಾದಷ್ಟೂ ಕಪ್ಪಾಗುತ್ತದೆ. ಹಾಗಿದ್ದರೆ ಒಂದೇ ಬಾಲಕ್ಕೆ ಎರಡು ವಯಸ್ಸಿನ ತುಕ್ಕು ಹೇಗೆ ಬಂತು? ಬಿಳಿ ಅಲೆಯೂ ಅಲಗಿನ ಬುಡದಲ್ಲಿ ನಿಲ್ಲದೆ ತುಕ್ಕಿನೊಳಕ್ಕೆ ಇಳಿದುಹೋಗಿತ್ತು. ಇದು ಗಿಡ್ಡ ಕತ್ತಿಯಲ್ಲ. ಒಂದು ಕಾಲದ ಉದ್ದನೆಯ ಕತ್ತಿ. ಯಾರೋ ತಮ್ಮ ಅಳತೆಗೆ ಬೇಕೆಂದು ಬಾಲದ ಕಡೆಯಿಂದ ಕತ್ತರಿಸಿ, ಅಲಗಿನ ಬುಡವನ್ನೇ ಹಿಡಿಯೊಳಗೆ ಇಳಿಸಿ, ಹೊಸ ತೂತು ಕೊರೆದಿದ್ದಾರೆ. ಸಹಿ ಇದ್ದಿದ್ದರೆ ಕತ್ತರಿಸಿದ ತುಂಡಿನ ಜೊತೆಗೇ ಹೋಗಿರಬೇಕು.

ಕೊತ್ತಂಬರಿ ಸೊಪ್ಪು ಕೊಳ್ಳುವುದಕ್ಕೂ ಗಂಡನ ಮುಖ ನೋಡುವ ನಾನು ಅವತ್ತು ಮೋರಿಯವರಿಗೆ ಫೋನು ಕೂಡ ಮಾಡಲಿಲ್ಲ. ಕೊಂಡುಬಿಟ್ಟೆ.

"ವಿಶಾಲೂ, ಕಪಾಟು ತರಕ್ಕೆ ಹೋಗಿ ಕತ್ತಿ ತಂದ್ವಿ," ಎಂದ ಸುಧೀಂದ್ರ ಕಾರಿನಲ್ಲಿ. "ಇನ್ಮೇಲೆ ಗ್ರೋಸರಿಗೆ ನಾನೊಬ್ನೇ ಹೋಗ್ತೀನಿ. ನೀನು ಹಾಲು ಅಂತ ಹೋದ್ರೆ ಫಿರಂಗಿ ತರ್ತೀಯ."

ಮನೆಗೆ ಬಂದಾಗ ಮಗಳು ಅನಘಾ ಫೋನಿನಿಂದ ತಲೆಯೆತ್ತಿ ನೋಡಿದಳು. "ಸೋ ದಿಸ್ ಈಸ್ ಯುವರ್ ಮಿಡ್‌ಲೈಫ್ ಕ್ರೈಸಿಸ್, ಅಮ್ಮಾ? ಬೇರೆ ಅಮ್ಮಂದಿರು ಯೋಗಾ ಮಾಡ್ತಾರೆ."

ಚಿಂತೆ ಶುರುವಾಯಿತು. ತುಕ್ಕು ನಿಜವಾಗಿಯೂ ಎರಡು ಬಣ್ಣವೇ, ಅಥವಾ ಗರಾಜಿನ ಬೆಳಕೇ? ಬಳಗದ ಮುಂದಿನ ಶನಿವಾರ ಮೋರಿಯವರ ಮೇಜಿನ ಮೇಲೆ ಇಟ್ಟರೆ ಇತ್ಯರ್ಥವಾಗುತ್ತಿತ್ತು. ಆದರೆ ಅದಕ್ಕೆ ಮೊದಲು ಆಯುಧಪೂಜೆ ಬಂತು. ಆಯುಧಪೂಜೆಗಿಂತ ಮೊದಲು ಮಂಡ್ಯದಿಂದ ನನ್ನ ಅತ್ತೆ ನಿಂಗಮ್ಮನವರು ಬಂದರು.

ಅತ್ತೆಯ ಆಯುಧಪೂಜೆ ಎಂದರೆ ಮನೆಯ ಲೋಹವೆಲ್ಲ ಹೊಳೆಯಬೇಕು. ಹಿಂದಿನ ಸಂಜೆ ನಾನು ಆಫೀಸಿನಿಂದ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ದೀಪಗಳು, ತಟ್ಟೆಗಳು ಸಾಲಾಗಿ ಮಿನುಗುತ್ತಿದ್ದವು. ಅವುಗಳ ಪಕ್ಕ ಕಾಗದದ ಮೇಲೆ ನನ್ನ ಕತ್ತಿ ಮಲಗಿತ್ತು, ಹಿಡಿ ಕಳಚಿಕೊಂಡು. ಯಾವ ವಸ್ತುವನ್ನಾದರೂ ಬಿಚ್ಚಿ ತೋರಿಸದಿದ್ದರೆ ಎಂಜಿನಿಯರ್ ಗಂಡನಿಗೆ ನೆಮ್ಮದಿಯಿಲ್ಲ, ತಾಯಿಗೆ ತೋರಿಸಿ ಮಹಡಿಗೆ ಮೀಟಿಂಗಿಗೆ ಹೋಗಿದ್ದ. ಅತ್ತೆಯ ಕೈಯಲ್ಲಿ ನೆನೆದ ಹುಣಸೆಹಣ್ಣಿನ ಉಂಡೆ.

"ಏನಮ್ಮಿ ಇದು, ಹೊರಗೆ ಫಳಫಳ ಅಂತದೆ, ಒಳಗೆ ಈಪಾಟಿ ತುಕ್ಕು ಹಿಡ್ದದೆ! ಇಂಗೇ ಪೂಜೆಗಿಟ್ರೆ ಚಾಮುಂಡಿ ಏನಂದ್ಕಂಡಾಳು?"

"ಅತ್ತೆ, ಬೇಡಾ!"

ಆ ದನಿ ನನ್ನದೇ ಎಂದು ನನಗೇ ತಡವಾಗಿ ತಿಳಿಯಿತು. ಸುಧೀಂದ್ರ ಮೀಟಿಂಗು ಬಿಟ್ಟು ಕೆಳಗೆ ಓಡಿಬಂದ. ಮದುವೆಯಾದಂದಿನಿಂದ ಅತ್ತೆಯ ಯಾವ ಮಾತಿಗೂ ನಾನು ಬೇಡ ಎಂದವಳಲ್ಲ. ಅತ್ತೆಯ ಕೈ ಗಾಳಿಯಲ್ಲೇ ನಿಂತಿತ್ತು, ಹುಣಸೆಯ ರಸ ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು.

"ತುಕ್ಕು ಹೋದ್ರೆ ಕತ್ತಿನೇ ಹೋದಂಗೆ, ಅತ್ತೆ. ಇದರ ವಯಸ್ಸು ಇರೋದೇ ಅದ್ರಲ್ಲಿ. ನೋಡಿ, ಇಲ್ಲಿ ಕಪ್ಪು, ಇಲ್ಲಿ ಕಂದು. ಉಜ್ಜಿದ್ರೆ ಎರಡೂ ಒಂದಾಗೋಗುತ್ತೆ, ಆಮೇಲೆ ಯಾರು ನೋಡಿದ್ರೂ ಏನೂ ಹೇಳಕ್ಕಾಗಲ್ಲ."

"ತುಕ್ಕಿಗೆ ಇಷ್ಟು ಮರ್ವಾದೆ ಕೊಡೋರ್ನ ನಾನೆಲ್ಲೂ ಕಾಣ್ನಿಲ್ಲ ಕಣಮ್ಮಿ. ನೀನೇಳದು ಸುಳ್ಳಾದ್ರೆ?"

"ಸುಳ್ಳಾದ್ರೆ ನಾನೇ ಹುಣಸೆಹಣ್ಣು ನೆನೆಸಿಕೊಡ್ತೀನಿ, ನೀವೇ ಉಜ್ಜಿ."

ಹೀಗೆ ನನ್ನ ಕಣ್ಣಿನ ಮಾನ ಪಣಕ್ಕೆ ಬಿತ್ತು. ಮರುದಿನ ಕಾರಿಗೆ ನಿಂಬೆಹಣ್ಣು, ಲ್ಯಾಪ್‌ಟಾಪಿಗೆ ಚೆಂಡುಹೂವು, ಮಿಕ್ಸಿಗೆ ಅರಿಸಿನ ಕುಂಕುಮ ಎಲ್ಲ ಸಂದವು. ಕತ್ತಿಗೆ ಬೇಕಾದ ಕುಂಕುಮವನ್ನು ಅದರ ಮರದ ಪೆಟ್ಟಿಗೆಗೆ ಇಡಲು ಅತ್ತೆ ಒಪ್ಪಿದರು, ಮುಖ ಊದಿಸಿಕೊಂಡೇ.

ಶನಿವಾರ ಅವರೂ ಹೊರಟರು. "ಪಂಚಾಯ್ತಿ ನಾನೂ ನೋಡ್ಬೇಕು," ಎಂದು ಓಕ್ಲ್ಯಾಂಡಿನವರೆಗೂ ಕಾರಿನ ಮುಂದಿನ ಸೀಟಿನಲ್ಲಿ ಬಿಗಿಯಾಗಿ ಕೂತಿದ್ದರು. ಲೈಬ್ರರಿಯ ಕೋಣೆಯಲ್ಲಿ ರೇಷ್ಮೆ ಸೀರೆಯ ಹೆಂಗಸನ್ನು ಕಂಡು ಬಳಗದವರೆಲ್ಲ ಎದ್ದುನಿಂತರು. ಇದೇ ನನ್ನ ಬಾಯಲ್ಲಿ ಕೇಳಿದ್ದ ಕೈಮಗ್ಗ ಇರಬೇಕು ಎಂದುಕೊಂಡು ಒಬ್ಬಾಕೆ ಅಂಚನ್ನು ಭಕ್ತಿಯಿಂದ ನೋಡಿದಳು, ಮುಟ್ಟಲಿಲ್ಲ.

ಮೋರಿ ಕತ್ತಿಯನ್ನು ದೀಪದ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು. ಬಾಲವನ್ನು ಇನ್ನೂ ಬಹಳ ಹೊತ್ತು. ಆಮೇಲೆ ತೀರ್ಪು ಹೇಳುವ ಬದಲು ಕತ್ತಿಯನ್ನು ನನ್ನ ಕಡೆ ನೀಡಿ, "ಯೂ ಟೆಲ್ ಅಸ್, ವಿಶಾಲಾಕ್ಷಿ," ಎಂದರು.

ಎಲ್ಲರೂ ನನ್ನತ್ತ ತಿರುಗಿದರು. ಉದ್ದನೆಯದನ್ನು ಮೊಟಕು ಮಾಡಿದ ಕತ್ತಿ ಎಂದೆ. ಎರಡು ತೂತುಗಳನ್ನು, ಎರಡು ತುಕ್ಕುಗಳನ್ನು, ಒಳಗಿಳಿದ ಅಲೆಯನ್ನು ತೋರಿಸಿದೆ. ಈ ಬಾಗು, ಈ ಹಗುರ ನೋಡಿದರೆ ಶಾಂತಿಕಾಲದ ಅಲಂಕಾರದ್ದಲ್ಲ, ಯುದ್ಧಗಳ ಕಾಲದ್ದು, ನಾನೂರು ವರ್ಷಕ್ಕಿಂತ ಹಿಂದಿನದು ಇರಬೇಕು ಎಂದೆ. ಹೇಳುತ್ತಾ ಹೋದಂತೆ ದನಿ ನಡುಗುವುದು ನಿಂತದ್ದು ನನಗೇ ಕೇಳಿಸಿತು.

ಮೋರಿ ತಲೆಯಾಡಿಸಿದರು. ನಾನೂ ಅದನ್ನೇ ಹೇಳುತ್ತಿದ್ದೆ ಎಂದರು. ದೊಡ್ಡ ಹೆಸರಿನ ಕತ್ತಿಯೇನಲ್ಲ, ಆದರೆ ಪ್ರಾಮಾಣಿಕವಾದದ್ದು. ಬಾಲವನ್ನು ಉಜ್ಜದೆ ತಂದಿದ್ದೀರಲ್ಲ, ಅದಕ್ಕೆ ವಂದನೆ.

"ಏನಂದ್ರು?" ಅತ್ತೆ ನನ್ನ ತೋಳು ಜಗ್ಗಿದರು.

"ನಾನು ಹೇಳಿದ್ದು ಸರಿಯಂತೆ. ತುಕ್ಕು ಉಜ್ಜದೆ ಇದ್ದಿದ್ದಕ್ಕೆ ಥ್ಯಾಂಕ್ಸ್ ಅಂದ್ರು."

ಅತ್ತೆ ಮೋರಿಯವರ ಕಡೆ ಗಂಭೀರವಾಗಿ ಕೈಮುಗಿದರು. "ಉಜ್ಜದೆ ಬುಟ್ಟೋಳು ನಾನಲ್ವಾ? ಅದು ನಂಗೇ ಅಂದಿದ್ದು."

ಹೊರಡುವಾಗ ಮೋರಿ ಇನ್ನೊಂದು ಮಾತು ಹೇಳಿದರು. ಸಹಿ ಇಲ್ಲದ್ದಕ್ಕೆ ಬೇಸರ ಬೇಡ. ಹೆಸರಿಲ್ಲದ ಎಷ್ಟೋ ಕತ್ತಿಗಳ ಮೇಲೆ ಯಾರೋ ಆಮೇಲೆ ಹೆಸರಾಂತ ಕಮ್ಮಾರರ ಹೆಸರು ಕೆತ್ತಿದ್ದಾರೆ. ನಿಮ್ಮದು ಆ ಗೊಡವೆಯಿಂದ ಪಾರಾಗಿದೆ ಎಂದರು. ಅಂಥ ಹೆಸರು ಕೆತ್ತುವವರೆಲ್ಲ ದುರಾಸೆಯ ಮೋಸಗಾರರು ಎಂದೇ ನಾನು ನಂಬಿದ್ದೆ, ಅತ್ತೆ ಕಾರಿನಲ್ಲಿ ಮಂಡ್ಯದ ತಂಗಿಗೆ ಫೋನು ಹಚ್ಚುವವರೆಗೆ.

"ನಮ್ ಸೊಸೆ ಕಣಮ್ಮಿ, ಬರೀ ಕಣ್ಣಲ್ಲಿ ನೋಡಿ ಕತ್ತಿ ವಯಸ್ಸು ಹೇಳ್ಬುಟ್ಲು. ಇಲ್ಲಿನ ದೊಡ್ ದೊಡ್ಡೋರೆಲ್ಲ ಎದ್ದು ನಿಂತ್ಕಂಡ್ರು. ಎಷ್ಟು ವರ್ಸದ್ದಾ? ಎಂಟುನೂರು! ಯಾರೋ ಮಹಾರಾಜಂದಂತೆ."

ಸುಧೀಂದ್ರ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದ. ನಾನು ಪೆಟ್ಟಿಗೆಯನ್ನು ಮಡಿಲಲ್ಲಿ ಇನ್ನಷ್ಟು ಒತ್ತಿ ಹಿಡಿದುಕೊಂಡೆ. ತಿದ್ದಬೇಕಿತ್ತು, ನಿಜ. ಆದರೆ ಆ ಸುಳ್ಳು ಸಹಿಗಳಲ್ಲಿ ಒಂದಾದರೂ, ತನ್ನವರ ಬಗ್ಗೆ ಹೆಮ್ಮೆ ತಡೆಯಲಾರದ ಯಾವುದೋ ಜಪಾನೀ ಅತ್ತೆಯ ಮನೆಯಲ್ಲಿ ಹುಟ್ಟಿರಬೇಕು ಎನಿಸಿತು. ಮಹಾರಾಜನ ಹೆಸರನ್ನು ಅತ್ತೆ ಇನ್ನೂ ಹೇಳಿರಲಿಲ್ಲ. ಫ್ರೀವೇ ಮುಗಿಯುವುದರೊಳಗೆ ಹೇಳುತ್ತಾರೆ ಎಂದು ಕಿವಿಗೊಟ್ಟು ಕೂತೆ.