ಸ್ಟುಡಿಯೋಗೆ ನಮ್ಮ ಕಡೆಯವರು ಬಂದಾಗ

ಕೆಲಸಕ್ಕೆ ಸೇರಿದ ಮೊದಲ ದಿನ, ನಮ್ಮಮ್ಮನ ವಯಸ್ಸಿನ ಅಮೆರಿಕನ್ ಹೆಂಗಸೊಬ್ಬರು ತೊಟ್ಟಿದ್ದ ನಿಲುವಂಗಿ ಕಳಚಿ ನನ್ನ ಕೈಗಿಟ್ಟು, ಲೇಸಿನ ಒಳಉಡುಪಿನಲ್ಲಿ ನಿಂತು, ಹೇಗೆ ಕಾಣ್ತಿದ್ದೀನಿ ಎಂದು ಕೇಳಿದರು. ಅಯ್ಯೋ ಶಿವನೇ! ನಾನು ಮಂಡ್ಯದವಳು. ಆ ನಿಲುವಂಗಿಯನ್ನು ಮಡಿಸಿದ್ದೇ ಮಡಿಸಿದ್ದು.

ಲಾಸ್ ಗ್ಯಾಟೋಸ್‌ನ ಆ ಸ್ಟುಡಿಯೋದಲ್ಲಿ ತೆಗೆಯುವುದು ಬುಡ್ವಾರ್ ಚಿತ್ರಗಳನ್ನು. ಹೆಂಗಸರು ಮಲಗುವ ಕೋಣೆಯ ಉಡುಪಿನಲ್ಲಿ, ಘನತೆಯಿಂದ, ಹೆಚ್ಚಾಗಿ ತಮಗೆಂದೇ ತೆಗೆಸಿಕೊಳ್ಳುವ ಫೋಟೋಗಳು. ತೆಗೆಯುವವಳು ಡಾನಾ. ಬಂದವರ ಸಂಕೋಚ ಬಿಡಿಸುವುದು ನನ್ನ ಕೆಲಸ. ಊರಿನಲ್ಲಿ ಮದುಮಗಳಿಗೆ ಸೀರೆ ಉಡಿಸುತ್ತಿದ್ದೆನಲ್ಲ, ಅದೇ ಕೈಗುಣ ಇಲ್ಲಿ ಅನ್ನ ಹಾಕಿತು. ಅಲ್ಲಿ ಮದುಮಗಳ ಸುತ್ತ ಹತ್ತಾರು ಅತ್ತೆಯರು ಸಲಹೆ ಕೊಡುತ್ತಿರುತ್ತಾರೆ. ಇಲ್ಲಿ ಹೀಟರಿನ ಸದ್ದು ಬಿಟ್ಟರೆ ಏನೂ ಇಲ್ಲ. ಹಾಗಾಗಿ ನಾನೇ ಮಾತಾಡಬೇಕು. ಟೀ ಕೊಡುತ್ತೇನೆ, ಏನಾದರೂ ತಿಂದಿರಾ ಎಂದು ವಿಚಾರಿಸುತ್ತೇನೆ, ಮುಟ್ಟುವ ಮೊದಲು ಕೇಳುತ್ತೇನೆ, ಬೇಡವೆನಿಸಿದ ಕ್ಷಣ ನಿಲ್ಲಿಸೋಣ ಎನ್ನುತ್ತೇನೆ. ಕಣ್ಣಲ್ಲಿ ಕಣ್ಣಿಟ್ಟು ನಗುವುದನ್ನೂ ಕಲಿತೆ. ಗಿಲ್‌ರಾಯ್ ಊರಿನ ನನ್ನ ಮನೆಯಿಂದ ಫ್ರೀವೇಯಲ್ಲಿ ಕಾರು ಓಡಿಸುತ್ತ ಬರುವಾಗ ಇದನ್ನೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ, ಯಾರಿಗೂ ಹೇಳಬೇಡಿ.

ಹೋದ ಚಳಿಗಾಲದಲ್ಲಿ ಶೈಲಜಾ ಬಂದರು. ಕೆಲಸ ಮೆನ್ಲೋ ಪಾರ್ಕ್ ಎಂಬ ಪಟ್ಟಣದಲ್ಲಿ, ಊರು ಧಾರವಾಡ. ನನ್ನ ಹೆಸರು ಕೇಳಿ ಬಾಗಿಲಲ್ಲೇ ನಿಂತುಬಿಟ್ಟರು.

"ನೀವು ಕನ್ನಡದವರೇನ್ರಿ? ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

"ಹೇಳಿದ್ರೆ ನಾನು ಏನ್ ಕೆಲ್ಸ ಮಾಡ್ತೀನಿ ಅಂತಾನೂ ಹೇಳ್ಬೇಕಾಗುತ್ತಲ್ಲ ಮೇಡಂ!"

ಇಬ್ಬರೂ ನಕ್ಕೆವು. ಆಮೇಲೆ ಅವರು ಸ್ಟುಡಿಯೋದ ನಿಲುವಂಗಿ ತೊಟ್ಟು ಬಂದು, ಅದರ ಸೊಂಟಪಟ್ಟಿ ಬಿಚ್ಚಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಯಾಕೆ ತಿರುಗಿದೆನೋ! ನಮ್ಮಲ್ಲಿ ಒಬ್ಬರು ಸೀರೆ ಬದಲಿಸುವಾಗ ಕೋಣೆಯಲ್ಲಿದ್ದ ಉಳಿದವರು ಅತ್ತ ಮುಖ ಮಾಡುತ್ತೇವೆ. ಅದು ಮರ್ಯಾದೆ. ಅಮೆರಿಕದವರ ನಡುವೆ ಬಿಟ್ಟುಹೋಗಿದ್ದ ಆ ಅಭ್ಯಾಸ, ಕನ್ನಡ ಕಿವಿಗೆ ಬಿದ್ದದ್ದೇ ತಡ, ವಾಪಸು ಬಂದಿತ್ತು.

ಹಿಂದೆ ಏನೋ ಸರಸರ ಸದ್ದು. ನೋಡಿದರೆ, ನಿಲುವಂಗಿಯನ್ನು ಮತ್ತೆ ಸುತ್ತಿಕೊಂಡು ಚಪ್ಪಲಿ ಹುಡುಕುತ್ತಿದ್ದಾರೆ. ಗಡಿಬಿಡಿಯಲ್ಲಿ ಒಂದು ಭುಜ ಹೊರಗೇ ಉಳಿದಿತ್ತು. ಅದರ ಮೇಲೆ ತೊನ್ನಿನ ಬಿಳಿ ಮಚ್ಚೆಗಳು. ನಾನು ಅವನ್ನು ಕಂಡದ್ದೇ ಆಗ.

"ಸಣ್ಣಾಕಿ ಇದ್ದಾಗಿಂದ ಎಲ್ಲಾರೂ ಹಿಂಗ ಮಾರಿ ತಿರುವ್ಯಾರ," ಎಂದರು. "ಒಂದು ಸಲ ಯಾರರೆ ನೆಟ್ಟಗ ನೋಡ್ಲಿ ಅಂತ ಧೈರ್ಯ ಮಾಡಿ ಬಂದೆ. ಇಲ್ಲೂ ನಮ್ಮವರೇ ಸಿಗಬೇಕೇನ್ರಿ?"

ಈಗ ಹೊರಟರೆ ಈಕೆ ಮತ್ತೆಂದೂ ಇಂಥ ಧೈರ್ಯ ಮಾಡುವುದಿಲ್ಲ ಎಂದು ಖಾತ್ರಿಯಿತ್ತು. ಅಭ್ಯಾಸ ಮಾಡಿದ ಮಾತುಗಳಲ್ಲಿ ಒಂದೂ ಕನ್ನಡದಲ್ಲಿ ಬಾಯಿಗೆ ಬರಲಿಲ್ಲ.

"ನಿಮ್ಮಾಣೆಗೂ ನಾನು ನೋಡೇ ಇರ್ಲಿಲ್ಲ. ನಾಚ್ಕೋತೀರೇನೋ ಅಂತ ತಿರುಗ್ದೆ," ಎಂದೆ. "ಈಗ ನೋಡ್ಲಾ?"

ಚಪ್ಪಲಿ ಹುಡುಕುವುದನ್ನು ಬಿಟ್ಟರು. ಆಮೇಲೆ ತಾವಾಗಿಯೇ ನಿಲುವಂಗಿ ಸಡಿಲಿಸಿದರು. ನೋಡಿದೆ. ಭುಜ, ಹೊಟ್ಟೆ, ಮೊಣಕಾಲು. ಅವಸರವಿಲ್ಲದೆ, ಉಡಿಸುವ ಮೊದಲು ಮದುಮಗಳನ್ನು ನೋಡುವ ಹಾಗೆ. ಚೆನ್ನಾಗಿದ್ದೀರಿ ಎಂದೆ. ನಿಜವಾಗಿಯೂ ಚೆನ್ನಾಗಿದ್ದರು. ಅವರಿಗೆ ಅಳು ಬಂತು, ನನಗೂ.

"ಮನೇಲಿ ಯಾರೂ ಇಲ್ದಾಗ ಹೇಗೆ ಕೂತ್ಕೋತೀರಿ?"

"ಎಣ್ಣಿ ನೀರು ಹಾಕ್ಕೊಂಡು, ಕೂದಲಾ ಬಿಟ್ಕೊಂಡು, ಬಿಸಲಾಗ, ನೆಲದ ಮ್ಯಾಲೆ."

ಡಾನಾಳ ಮಂಚ, ದಿಂಬು ಎಲ್ಲ ಪಕ್ಕಕ್ಕೆ ಸರಿದವು. ಬಿಳಿ ಹೊದಿಕೆಯನ್ನು ಸೊಂಟಕ್ಕೆ ನೆರಿಗೆ ಹಿಡಿದು ಸಿಕ್ಕಿಸಿ, ಎದೆಯ ಮೇಲೆ ಹಾಯಿಸಿ, ಭುಜಗಳನ್ನು ಹಾಗೇ ಬಿಟ್ಟೆ. ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತರು. ಡಾನಾ ಚಿತ್ರ ತೆಗೆದು ಕ್ಯಾಮೆರಾದಲ್ಲೇ ತೋರಿಸಿದಾಗ, "ಇಕಿ ಯಾರ್ರೀ? ಚಂದ ಅದಾಳಲ್ಲ!" ಎಂದರು.

ಹೊರಡುವಾಗ ನನ್ನ ಕೆನ್ನೆ ಸವರಿ, "ನೀವೂ ಒಂದು ತೆಗಿಸ್ಕೋರಿ," ಎಂದರು. ನಾನು ಟೀ ಕಪ್ಪು ತೊಳೆಯಲು ಹೋದೆ.

ಮನೆಯ ದಾರಿಯಲ್ಲಿ ಅಮ್ಮನ ಫೋನು ಬಂತು. ಅಮ್ಮನಿಗೆ ಗೊತ್ತಿರುವುದು ನಾನು ಫೋಟೋ ಸ್ಟುಡಿಯೋದಲ್ಲಿ ಅಲಂಕಾರ ಮಾಡುತ್ತೇನೆ ಎಂಬುದಷ್ಟೇ. ಇವತ್ತು ನಮ್ಮ ಕಡೆಯವರೊಬ್ಬರು ಬಂದಿದ್ದರು ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

"ಹೌದಾ? ಸೀರೆ ಉಡಿಸ್ದಾ ಮಗಾ?"

"ಹೂಂ ಕಣಮ್ಮ. ಲಕ್ಷಣವಾಗಿ ಕಾಣ್ತಿದ್ರು."

"ಫೋಟೋ ಕಳ್ಸು, ನಾನೂ ನೋಡ್ತೀನಿ."

ಅಮ್ಮ ಅದನ್ನು ನೋಡಬೇಕೆಂದು ನನಗೂ ಎಷ್ಟು ಆಸೆಯಿತ್ತು! ಫ್ರೀವೇ ಸದ್ದು ಕಣಮ್ಮ, ಏನೂ ಕೇಳಿಸ್ತಿಲ್ಲ ಎಂದು ಫೋನು ಇಟ್ಟುಬಿಟ್ಟೆ.