ಎಣ್ಣೆ ನೋಡಿಕೊಳ್ಳಿ

ಹಳೆಯ ಕಾರನ್ನು ಗುಜರಿಗೆ ಕೊಡುವುದೆಂದು ಕೊನೆಗೂ ತೀರ್ಮಾನವಾಯಿತು. ಮೊನ್ನೆ ಅದರ ಒಳಗಿನ ಸಾಮಾನು ಖಾಲಿ ಮಾಡುತ್ತಿದ್ದಾಗ, ಡ್ಯಾಶ್‌ಬೋರ್ಡಿನ ಖಾನೆಯ ಮೂಲೆಯಲ್ಲಿ ತಂತಿಗೆ ಪೋಣಿಸಿದ ಏಳೆಂಟು ರಟ್ಟಿನ ಚೀಟಿಗಳು ಸಿಕ್ಕಿದವು. ಬಿಸ್ಕತ್ತಿನ ಪೆಟ್ಟಿಗೆ ಕತ್ತರಿಸಿ ಮಾಡಿದವು. ಮೂಗಿನ ಹತ್ತಿರ ಹಿಡಿದೆ. ಸುಟ್ಟ ಇಂಜಿನ್ ಓಯಿಲಿನ ವಾಸನೆ ಇನ್ನೂ ಹೋಗಿರಲಿಲ್ಲ. "ಅದೆಂತ ಮೂಸುವುದು, ಬಿಸಾಡಿ ಆಚೆ" ಎಂದಳು ಹೆಂಡತಿ. ಬಿಸಾಡಲಿಲ್ಲ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಅಂಗಳಕ್ಕೂ ಜಗಲಿಗೂ ಸುಮ್ಮನೆ ತಿರುಗುತ್ತಿದ್ದೇನೆ.

ಆ ಚೀಟಿಗಳು ಕಾಸರಗೋಡು ಹತ್ತಿರದ ಬದಿಯಡ್ಕದ ಗ್ಯಾರೇಜಿನ ಇಚ್ಚ ಬರೆದವು. ಇಚ್ಚ ಎಂದರೆ ನಮ್ಮ ಕಡೆಯ ಮುಸ್ಲಿಮರ ಮಾತಿನಲ್ಲಿ ಅಣ್ಣ. ಊರಿಗೆಲ್ಲ ಅವರು ಇಚ್ಚ, ಹಾಗಾಗಿ ನನಗೂ. ಓಯಿಲ್ ಬದಲಿಸಿದಾಗಲೆಲ್ಲ ಮುಂದಿನ ಸಲ ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ರಟ್ಟಿನ ಮೇಲೆ ಬರೆದು ಸ್ಟೇರಿಂಗಿನ ಕೆಳಗೆ ತಂತಿಯಲ್ಲಿ ಕಟ್ಟುವುದು ಅವರ ಕ್ರಮ. ಮನೆಯಲ್ಲಿ ಬ್ಯಾರಿ ಭಾಷೆ, ಗ್ಯಾರೇಜಿಗೆ ಬರುವ ಹೆಚ್ಚಿನವರೊಡನೆ ಮಲಯಾಳ, ನನ್ನೊಡನೆ ಮಾತ್ರ ಕನ್ನಡ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋಗಿದ್ದರಂತೆ. ಅಗಲ್ಪಾಡಿ ಕಡೆಯಿಂದ ಕನ್ನಡ ಮಾಷ್ಟ್ರಾದ ನಾನು ಕಾರು ತಂದರೆ ಇಚ್ಚನಿಗೆ ಅದೊಂದು ಖುಷಿ. ಕೈ ಒರೆಸಿಕೊಂಡು ಬಂದು, ಒಂದೊಂದೇ ಪದ ಹುಡುಕಿ, ಜೋಡಿಸಿ ಮಾತಾಡುತ್ತಿದ್ದರು. ಚೀಟಿಯನ್ನೂ ನನಗಾಗಿಯೇ ಕನ್ನಡದಲ್ಲಿ ಬರೆಯುತ್ತಿದ್ದರು. ಅಕ್ಷರ ದುಂಡಗೆ, ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗಿಂತ ಚೆನ್ನಾಗಿತ್ತು.

ಒಮ್ಮೆ ಚೀಟಿಯಲ್ಲಿ 'ಓಯಿಲ್ ನೋಡುವುದು' ಎಂದು ಬರೆದಿದ್ದರು. ನನ್ನ ಕಿಸೆಯಲ್ಲಿ ಕೆಂಪು ಪೆನ್ನು ಯಾವಾಗಲೂ ಇರುತ್ತಿತ್ತು. ತೆಗೆದು, 'ಓಯಿಲ್' ಹೊಡೆದುಹಾಕಿ, ಮೇಲೆ 'ಎಣ್ಣೆ' ಎಂದು ಬರೆದೆ. "ಕನ್ನಡದಲ್ಲಿ ಅದಕ್ಕೆ ಒಳ್ಳೆ ಶಬ್ದ ಉಂಟಲ್ಲ ಇಚ್ಚ, ಎಣ್ಣೆ ಅಂತ ಬರೆಯಿರಿ" ಎಂದು ತಮಾಷೆ ಮಾಡಿದೆ. ಅವರು ನಕ್ಕು, ಚೀಟಿಯನ್ನು ದೂರ ಹಿಡಿದು ನೋಡಿ, "ಇನ್ನು ಹಾಗೇ ಹೇಳ್ತೇನೆ ಮಾಷ್ಟ್ರೆ" ಎಂದರು. ದಿನಕ್ಕೆ ನೂರು ತಪ್ಪು ತಿದ್ದುವ ಕೆಲಸ ನನ್ನದು. ಅದೂ ಅವುಗಳಲ್ಲಿ ಒಂದಾಗಿ ನನಗೆ ಮರೆತೇಹೋಯಿತು.

ನನ್ನ ಸ್ವಭಾವವೇ ಅಂಥದ್ದು, ನೆಟ್ಟಗಿರುವುದನ್ನು ನೆಟ್ಟಗಿರಲು ಬಿಡುವವನಲ್ಲ. ಎರಡು ಸಾವಿರದ ಎಂಟೋ ಒಂಬತ್ತೋ... ಪತ್ರಿಕೆಯಲ್ಲಿ ಸಿಂಥೆಟಿಕ್ ಓಯಿಲಿನ ಬಗ್ಗೆ ಓದಿದೆ. ಇಂಜಿನಿನ ಆಯುಷ್ಯ ಹೆಚ್ಚುತ್ತದೆ, ಶಬ್ದ ಕಡಿಮೆಯಾಗುತ್ತದೆ, ಮತ್ತೇನೇನೋ. ನನ್ನ ಕಾರಿಗೆ ಆಗಲೇ ಇಪ್ಪತ್ತು ವರ್ಷ. ಓದಿದ ಮೇಲೆ ನಿದ್ದೆ ಬರಬೇಕಲ್ಲ! ಮರುದಿನವೇ ಕಾಸರಗೋಡಿಗೆ ಹೋಗಿ ಒಂದು ಕ್ಯಾನು ತಂದು ಇಚ್ಚನ ಮುಂದೆ ಇಟ್ಟೆ.

ಇಚ್ಚನಿಗೆ ಮನಸ್ಸಿರಲಿಲ್ಲ. ಒಂದು ಹನಿ ಬೆರಳ ತುದಿಗೆ ಹಾಕಿ ಉಜ್ಜಿ, "ಇದು ಬಾರೀ ತೆಳು ಮಾಷ್ಟ್ರೆ. ಹೊಸ ಗಾಡಿಗೆ ಆಗ್ತದೆ. ಇದರ ಸೀಲೆಲ್ಲ ಹಳತು, ಒಣಗಿದೆ. ಒಳಗಿನ ಕೊಳೆಯೇ ಸೋರದ ಹಾಗೆ ಹಿಡಿದು ನಿಂತದ್ದು. ಇದು ಹೋಗಿ ಆ ಕೊಳೆ ತೊಳೆದರೆ ಮತ್ತೆ ಎಂತ ಉಂಟು ಅಲ್ಲಿ?" ಎಂದರು. ನಾನು ಪತ್ರಿಕೆಯ ತುಂಡನ್ನೇ ತೆಗೆದು ಓದಿ ಹೇಳಿದೆ. ಪಾಠ ಕೇಳುವವರಂತೆ ಪೂರ್ತಿ ಕೇಳಿದರು. ಆಮೇಲೆ ಕಾರಿನ ಅಡಿಗೆ ಹೋಗಿ ಹಳೆಯ ಓಯಿಲ್ ಇಳಿಸಿ, ನಾನು ತಂದದ್ದನ್ನು ತುಂಬಿದರು.

ಹೊರಡುವಾಗ ಕಿಟಕಿಗೆ ಕೈಯಿಟ್ಟು, "ದಿನಾ ಎಣ್ಣೆ ನೋಡಿಕೊಳ್ಳಿ ಮಾಷ್ಟ್ರೆ. ಕಮ್ಮಿ ಕಂಡರೆ ಹಾಕಿ. ಮರೀಬೇಡಿ" ಎಂದರು. ಹಿಂದಿನ ಸೀಟಿನಲ್ಲಿ ಮಗಳು ಕೂತಿದ್ದಳು. ನಾನು ಆಯಿತೆಂದು ತಲೆಯಾಡಿಸಿದೆ.

ನಮ್ಮ ಊರಲ್ಲಿ ಎಣ್ಣೆ ಎಂದರೆ ಏನೆಂದು ಹೇಳಬೇಕು. ಮಲಯಾಳದವರು ಬಂಕಿಗೆ ಹೋಗಿ ಪೆಟ್ರೋಲಿಗೂ ಡೀಸೆಲಿಗೂ ಎಣ್ಣೆ ಎನ್ನುತ್ತಾರೆ. ಕೇಳಿ ಕೇಳಿ ನಾವೂ ಹಾಗೇ ಹೇಳುತ್ತೇವೆ. ಇಂಜಿನಿಗೆ ಹಾಕುವುದು ಎಲ್ಲರ ಬಾಯಲ್ಲೂ ಓಯಿಲೇ. ಅದೂ ಅಲ್ಲದೆ ನನ್ನ ಕಾರಿನ ಪೆಟ್ರೋಲ್ ಮುಳ್ಳು ಕೆಟ್ಟು ವರ್ಷವಾಗಿತ್ತು. ಟ್ಯಾಂಕ್ ಖಾಲಿಯಾಗಿ ದಾರಿಯಲ್ಲಿ ನಿಂತು ಎರಡು ಸಲ ಇಚ್ಚನಿಗೆ ಫೋನು ಮಾಡಿದ್ದೆ. ಆದ್ದರಿಂದ ಇಚ್ಚ ಎಣ್ಣೆ ಎಂದದ್ದು ಪೆಟ್ರೋಲಿಗೇ ಎಂದುಕೊಂಡೆ. ಮಲಯಾಳ ತಿಳಿದವನೆಂಬ ಜಂಬ ಬೇರೆ. ನೇರವಾಗಿ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿದೆ. ಆಮೇಲೆ ಎರಡು ದಿನಕ್ಕೊಮ್ಮೆ ಹೋಗಿ ಕಮ್ಮಿಯಾದಷ್ಟು ತುಂಬಿಸುತ್ತ ಬಂದೆ. ಬಾನೆಟ್ ಎತ್ತಿ ಓಯಿಲ್ ನೋಡುವ ಕಡ್ಡಿಯನ್ನು ಒಂದು ಸಲವೂ ಎಳೆಯಲಿಲ್ಲ. ಅಂಗಳದ ಜಲ್ಲಿಕಲ್ಲಿನ ಮೇಲೆ ಸೋರಿದ್ದು ಕಣ್ಣಿಗೂ ಬೀಳಲಿಲ್ಲ.

ಮೂರನೇ ವಾರ ಮಗಳಿಗೆ ಕಾಸರಗೋಡಿನಲ್ಲಿ ಸರಕಾರಿ ಕೆಲಸದ ಪಿ.ಎಸ್.ಸಿ. ಪರೀಕ್ಷೆ. ದಾರಿಯಲ್ಲಿ ಎಡನೀರು ಹತ್ತಿರ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿತು. ಹಳೆಯ ಕಾರಲ್ಲವೇ, ದೀಪಗಳು ತಮಗೆ ಬೇಕಾದಾಗ ಹೊತ್ತಿ ಬೇಕಾದಾಗ ಆರುತ್ತಿದ್ದವು. ನಾನು ಗಂಟೆ ನೋಡುತ್ತಿದ್ದೆ, ಇನ್ನಷ್ಟು ಒತ್ತಿದೆ. ಒಳಗೆ ಏನೋ ಕಟಕಟ ಎಂದಿತು, ಆಮೇಲೆ ಒಂದು ಕೀರಲು, ಆಮೇಲೆ ಏನೂ ಇಲ್ಲ. ಇಂಜಿನ್ ತಿರುಗದಂತೆ ಬಿಗಿದು ಹಿಡಿದುಕೊಂಡಿತ್ತು. ಮಗಳು ಹಿಂದೆ ಬಂದ ಜೀಪಿಗೆ ನೇತಾಡಿಕೊಂಡು ಹೋದಳು, ಗೇಟು ಹಾಕುವ ಮುಂಚೆ ತಲುಪಿಯೂ ತಲುಪಿದಳು. ಆದರೆ ಅದು ನನಗೆ ಗೊತ್ತಾದದ್ದು ಸಂಜೆ.

ಕಾರನ್ನು ಇನ್ನೊಂದು ಜೀಪಿಗೆ ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ಬಂದೆ. ಅಲ್ಲಿ ಐದಾರು ಮಂದಿ ಇದ್ದರು. "ಎಂತ ಕೆಲಸ ಮಾಡಿದ್ದು ನೀವು?" ಎಂದು ಇಳಿಯುವ ಮೊದಲೇ ಬೊಬ್ಬೆ ಹಾಕಿದೆ. ಇಚ್ಚ ಕಡ್ಡಿ ಎಳೆದು ನೋಡಿದರು, ಒಣಗಿತ್ತು. "ಎಣ್ಣೆ ನೋಡಿಕೊಳ್ಳಿ ಹೇಳಿದ್ದೆ ಮಾಷ್ಟ್ರೆ..."

"ಟ್ಯಾಂಕ್ ತುಂಬ ಉಂಟು, ಬೇಕಾದರೆ ನೋಡಿ!"

ಇಚ್ಚ ಒಮ್ಮೆ ಟ್ಯಾಂಕಿನ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಅವರಿಗೆ ಆ ಕ್ಷಣವೇ ಎಲ್ಲ ಅರ್ಥವಾಗಿತ್ತು ಎಂದು ಈಗ ನನಗೆ ಖಾತ್ರಿ. ಅಷ್ಟು ಜನರ ಎದುರು ಮಾಷ್ಟ್ರ ಮಾನ ತೆಗೆಯುವುದು ಬೇಡವೆಂದು ಸುಮ್ಮನಿದ್ದರು. ಆ ಮೌನವನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. "ಕನ್ನಡ ಬಾರದಿದ್ದರೆ ಮಲಯಾಳದಲ್ಲೇ ಹೇಳಬೇಕಿತ್ತು! ನಿಮ್ಮ ಈ ಅರೆಬರೆ ಕನ್ನಡ ಯಾರಿಗೆ ಬೇಕಾಗಿತ್ತು?" ಎಂದುಬಿಟ್ಟೆ.

ಯಾರೋ ನಕ್ಕರು. ಇಚ್ಚ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ ಅದರ ಜಾಗಕ್ಕೆ ಸಿಕ್ಕಿಸಿದರು. "ಶೆರಿಯಾಕ್ಕಾಂ, ಮಾಷೇ" ಎಂದರು. ಸರಿ ಮಾಡುತ್ತೇನೆ ಎಂದು, ಮಲಯಾಳದಲ್ಲಿ.

ಸಂಜೆ ಚಹಾ ಕುಡಿಯುವಾಗ ಮಗಳು ಕಥೆಯೆಲ್ಲ ಕೇಳಿ, ಲೋಟ ಕೆಳಗಿಟ್ಟು, "ಅಪ್ಪ, ಇಚ್ಚ ಎಣ್ಣೆ ಅಂದದ್ದು ಓಯಿಲಿಗಲ್ಲವಾ? ನೀವೇ ಅಲ್ಲವಾ ಚೀಟಿಯಲ್ಲಿ ತಿದ್ದಿ ಅವರಿಗೆ ಹಾಗೆ ಹೇಳಲಿಕ್ಕೆ ಕಲಿಸಿದ್ದು?" ಎಂದಳು. ಅವರು ನನ್ನ ಭಾಷೆಯಲ್ಲಿ ಹೇಳಲು ಹೋಗಿದ್ದರು, ನಾನು ಅವರ ಭಾಷೆಯಲ್ಲಿ ಕೇಳಿಸಿಕೊಂಡಿದ್ದೆ. ನಾಚಿಕೆಯಾಯಿತು. ಆದರೆ ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡೆ.

ಆ ನಾಳೆ ಬರಲೇ ಇಲ್ಲ. ಒಂದು ತಿಂಗಳು ಬಿಟ್ಟು ಕಾರು ತರಲು ಹೋದಾಗ ಇಂಜಿನ್ ಹೊಸದರಂತೆ ಓಡುತ್ತಿತ್ತು. ಒಳಗೆ ಮತ್ತೆ ಆ ಹಳೆಯ ದಪ್ಪ ಓಯಿಲೇ. ಕೆಲಸದ ವಿವರವನ್ನೆಲ್ಲ ಇಚ್ಚ ಮಲಯಾಳದಲ್ಲೇ ಹೇಳಿದರು, ಮುಖದಲ್ಲಿ ಸಿಟ್ಟಿಲ್ಲ, ಮರ್ಯಾದೆಗೂ ಕಮ್ಮಿಯಿಲ್ಲ. ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ಮಲಯಾಳದಲ್ಲಿ. ಅವರ ಕನ್ನಡ ಬೇಕಾಗಿಲ್ಲ ಎಂದಿದ್ದೆನಲ್ಲ, ಕೊಡುವುದನ್ನು ನಿಲ್ಲಿಸಿದ್ದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವನು ಬಿಸಿಲಿನ ವಿಷಯ ಮಾತಾಡಿ ಬಂದೆ. ಆಮೇಲೂ ಎಷ್ಟೋ ಸಲ ಗ್ಯಾರೇಜಿನ ಎದುರು ನಿಧಾನ ಮಾಡಿದ್ದೇನೆ, ನಿಲ್ಲಿಸಲಿಲ್ಲ. ಇಚ್ಚ ಕಾಲುನೋವಿನಿಂದ ಮನೆ ಹಿಡಿದ ಮೇಲೆ ಒಮ್ಮೆ ಹೋದೆ. "ಇರಿಕ್ಕ್ ಮಾಷೇ" ಎಂದು ಕುರ್ಚಿ ತೋರಿಸಿದರು. ಕೂತೆ. ಮಗಳಿಗೆ ಕೆಲಸ ಸಿಕ್ಕಿದ್ದು ಹೇಳಿದೆ, ತುಂಬ ಸಂತೋಷಪಟ್ಟರು. ಹೇಳಬೇಕಾದದ್ದು ಮಾತ್ರ ಅಲ್ಲೇ... ಆ ವರ್ಷವೇ ಹೋಗಿಬಿಟ್ಟರು.

ಈಗ ಚೀಟಿಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದೇನೆ. ಒಂದರಲ್ಲಿ ನನ್ನ ಕೆಂಪು ಶಾಯಿ ಉಂಟು, ಹನ್ನೆರಡು ವರ್ಷವಾದರೂ ಮಾಸಿಲ್ಲ. ಅದರ ಆಮೇಲಿನ ಚೀಟಿಗಳಲ್ಲಿ ನಾನು ಅಂಕೆ ಬಿಟ್ಟು ಬೇರೇನೂ ಓದಿರಲಿಲ್ಲ, ಎಲ್ಲದರಲ್ಲೂ ದುಂಡಗಿನ ಅಕ್ಷರದಲ್ಲಿ 'ಎಣ್ಣೆ ನೋಡುವುದು', 'ಎಣ್ಣೆ ನೋಡುವುದು'. ಒಂದರಲ್ಲೂ ತಪ್ಪಿಲ್ಲ. ಕಾರು ರಿಪೇರಿಯಾದ ಮೇಲೆ ಕಟ್ಟಿದ ಕೊನೆಯದರಲ್ಲಿ ಬರಿಯ ಅಂಕೆ, ಇಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು. ಯಾವ ಭಾಷೆಯ ಒಂದು ಅಕ್ಷರವೂ ಇಲ್ಲ.

ತಪ್ಪು ನನ್ನದು ಇಚ್ಚ ಎಂದು ಹೇಳಲು ನನಗೆ ಎರಡು ಭಾಷೆ ಬರುತ್ತಿತ್ತು. ಒಂದರಲ್ಲೂ ಹೇಳಲಿಲ್ಲ. ಸೋಮವಾರ ಗುಜರಿಯವನು ಬರುತ್ತಾನೆ. ಕೊನೆಯ ಚೀಟಿಯನ್ನು ಹಿಡಿದುಕೊಂಡು ಕೂತಿದ್ದೇನೆ, ಇದರಲ್ಲಿ ತಿದ್ದುವುದಕ್ಕೆ ಏನೂ ಇಲ್ಲ.