ದೋಣಿಯಲ್ಲಿ ಆಡಬಾರದ ಮಾತು

ದಡದ ಮೇಲೆ ನಿಂತಿರುವಾಗ ಮೆರಿಟ್ ಸ್ಟಿನ್ಸನ್ ಹಂದಿ ಎಂಬ ಮಾತನ್ನು ಎಷ್ಟು ಸಲ ಬೇಕಾದರೂ ಆಡುತ್ತಿದ್ದ. ಕೆನಡಾದ ನಮ್ಮ ಡೀರ್ ಐಲ್ಯಾಂಡ್ ದ್ವೀಪದ ತುದಿಯಲ್ಲಿ ಉಬ್ಬರದ ಹೊತ್ತಿಗೆ ಏಳುವ ಸುಳಿಯ ಹೆಸರೇ ಮುದಿ ಹಂದಿ. ಅದು ಗುರುಗುಟ್ಟುವ ಸದ್ದಿನಿಂದ ಬಂದ ಹೆಸರು. ಅದರ ಸುತ್ತ ಏಳುವ ಸಣ್ಣ ಸುಳಿಗಳು ಹಂದಿಮರಿಗಳು. ಸುಳಿ ನೋಡಲು ಬಂದವರನ್ನು ತನ್ನ ದೋಣಿ ಹತ್ತಿಸುವ ಮೊದಲು ಅವನು ಧಕ್ಕೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದ.

"ಹೇಳೋದೆಲ್ಲ ಇಲ್ಲೇ ಹೇಳ್ಬಿಡಿ. ಹಂದಿ, ಹಂದಿ, ಹಂದಿ. ದೋಣಿಗೆ ಕಾಲಿಟ್ಮೇಲೆ ಆ ಮಾತು ಬಂದ್. ಅಲ್ಲಿ ಅವಳು ದೊಡ್ಡವಳು, ಅವಳ ಮರಿ ಚಿಕ್ಕವಳು. ಯಾರಾದ್ರೂ ಹಂದಿಮಾಂಸದ ಸ್ಯಾಂಡ್‌ವಿಚ್ ತಂದಿದ್ರೆ ಇಲ್ಲೇ ತಿಂದು ಮುಗಿಸಿ."

ಜನ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ದೋಣಿಯಲ್ಲಿ ಆ ಮಾತು ಆಡಿದರೆ ಕೇಡು ತಪ್ಪದು ಎಂಬುದು ಇಲ್ಲಿನ ಮೀನುಗಾರರ ನಂಬಿಕೆ. ಹೆರಿಂಗ್ ಮೀನು ಹಿಡಿಯುತ್ತಿದ್ದ ಅವನ ತಂದೆ, ಆಳೊಬ್ಬ ಆ ಮಾತು ಆಡಿದನೆಂದು ಅರ್ಧ ದಾರಿಯಿಂದ ದೋಣಿ ಹಿಂತಿರುಗಿಸಿದ್ದನಂತೆ. ನಮ್ಮ ದ್ವೀಪದಲ್ಲಿ ಇದನ್ನೆಲ್ಲ ನಂಬುವುದಿಲ್ಲ ಎನ್ನುವವರೂ ದೋಣಿಯಲ್ಲಿ ಮಾತ್ರ ಬಾಯಿ ಬಿಗಿಹಿಡಿಯುತ್ತಾರೆ. ನಾನೂ ಬಿಗಿಹಿಡಿಯುತ್ತೇನೆ.

ಅವನ ಹೆಂಡತಿ ಗ್ಲೆನ್ನಾ ದೋಣಿಯ ಮುಂತುದಿಯಲ್ಲಿ ನಿಲ್ಲುವವಳು. ಚುಕ್ಕಾಣಿಯ ಗೂಡಿನಿಂದ ಕಾಣದ್ದು ಅವಳಿಗೆ ಕಾಣುತ್ತಿತ್ತು: ನೀರು ಎಲ್ಲಿ ಬಾಯಿ ತೆರೆಯುತ್ತಿದೆ, ಮರದ ದಿಮ್ಮಿ ಎಲ್ಲಿ ತೇಲಿ ಬರುತ್ತಿದೆ ಎಂಬುದು. ಅವಳು ಕೂಗಿ ಹೇಳಬೇಕು, ಅವನು ಕೇಳಿ ತಿರುಗಿಸಬೇಕು. ಆದರೆ ಪ್ರಾಯದಿಂದಲೂ ಇಂಜಿನ್ನಿನ ಪಕ್ಕದಲ್ಲೇ ಇದ್ದು ಅವನ ಕಿವಿ ಕೆಟ್ಟಿತ್ತು. ಆ ಬೇಸಿಗೆ ಎರಡು ಸಲ ಅವಳು ಕೂಗಿದ್ದು ಅವನಿಗೆ ಕೇಳಿಸಿರಲಿಲ್ಲ. ಕೊನೆಗೆ ಅವಳು ಪಕ್ಕದ ಮನೆಯವರಾದ ನಮ್ಮ ಅಡುಗೆಮನೆಯಲ್ಲಿ, ನನ್ನೆದುರೇ, ಕರಾರು ಹಾಕಿದಳು.

"ಇನ್ನೊಂದ್ಸಲ ನನ್ನ ಕೂಗು ತಪ್ಪಿಸ್ಕೊಂಡ್ಯೋ, ಚುಕ್ಕಾಣಿ ನಂದು. ಪೂರ್ತಿ. ಸಾಯೋ ತನಕ."

"ಯಾರು ಸಾಯೋ ತನಕ?"

"ಇದಾದ್ರೂ ಕೇಳಿಸ್ತಲ್ಲ, ಪುಣ್ಯ."

ಮೆರಿಟ್ ಒಪ್ಪಿದ. ಆದರೆ ಅವನ ಮುಖ ಬಿಳಿಚಿತು. ಚುಕ್ಕಾಣಿ ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಅದಾದ ಮೇಲಿನ ಹುಣ್ಣಿಮೆಯ ಮರುದಿನ, ಉಬ್ಬರ ಜೋರಾಗಿದ್ದಾಗ, ನಾನು ಅವರ ದೋಣಿಯಲ್ಲಿದ್ದೆ. ಟೊರಾಂಟೊದಿಂದ ಬಂದ ಗಂಡಹೆಂಡತಿ ಮತ್ತು ಅವರ ಪುಟ್ಟ ಮಗಳು ಜೊತೆಗಿದ್ದರು. ಹುಡುಗಿ ಕೆಂಪು ಜಾಕೆಟ್ ತೊಟ್ಟು, ಡಲ್ಸ್ ಎಂಬ ಒಣಗಿಸಿದ ಕಡಲಪಾಚಿಯನ್ನು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸುತ್ತಿದ್ದಳು. ಅವಳು ಎಡಗಡೆಯ ಕಂಬಿಯ ಮೇಲೆ ಹೊಟ್ಟೆಯಿಟ್ಟು ಬಗ್ಗಿದ್ದನ್ನು ಕಂಡು ಮೆರಿಟ್ ಗೂಡಿನಿಂದಲೇ ಗದರಿದ.

"ಏ, ಆ ಚಿಕ್ಕವಳನ್ನ ಹಿಡ್ಕೊಳ್ರೀ! ಇಲ್ಲಿ ಬಿದ್ದವರನ್ನ ನಾನು ಹುಡುಕಿಕೊಡಲ್ಲ!"

ತಂದೆ ಮಗಳ ಜಾಕೆಟ್ ಹಿಡಿದ. ಸ್ವಲ್ಪ ಹೊತ್ತಿಗೆ ಫೋಟೊ ತೆಗೆಯಲೆಂದು ಅದನ್ನು ಕೈಬಿಟ್ಟ.

ಸುಳಿಯ ಹತ್ತಿರ ಬಂದೆವು. ನೀರು ಕುದಿಯುವಂತೆ ಉಬ್ಬಿ, ಚಪ್ಪಟೆಯಾಗಿ, ಮತ್ತೆ ಕುಸಿಯುತ್ತಿತ್ತು. ದೊಡ್ಡವಳು ದೂರದಲ್ಲಿ ಗುರುಗುಡುತ್ತಿದ್ದಳು. ಮೆರಿಟ್ ತಲೆಯನ್ನು ಒಂದು ಕಡೆ ವಾಲಿಸಿ, ಹೆಂಡತಿಯ ಬೆನ್ನಿನಿಂದ ಕಣ್ಣು ತೆಗೆಯದೆ ನಿಂತಿದ್ದ. ಆಗ ದೋಣಿಯ ಎಡಪಕ್ಕದಲ್ಲೇ ನೀರು ಇದ್ದಕ್ಕಿದ್ದಂತೆ ತಗ್ಗಾಗಿ ತಿರುಗತೊಡಗಿತು. ನಡುವೆ ಒಂದು ದಿಮ್ಮಿ ನೆಟ್ಟಗೆ ನಿಂತು ಗಿರಗಿರನೆ ಸುತ್ತುತ್ತಿತ್ತು.

ಗ್ಲೆನ್ನಾ ಕೂಗಿದಳು: "ಚಿಕ್ಕವಳು! ಎಡಕ್ಕೆ! ಚಿಕ್ಕವಳು!"

ಮೆರಿಟ್‌ಗೆ ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಎಡಗಡೆ ನೋಡಿದ, ಹುಡುಗಿ ಕಂಬಿಯ ಬಳಿ ಕಾಣಲಿಲ್ಲ. ಅವಳು ತಾಯಿಯ ಹಿಂದೆ ಕುಳಿತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದುದು ಗೂಡಿನಿಂದ ಕಾಣುವಂತಿರಲಿಲ್ಲ. ನೀರಿಗೆ ಬಿದ್ದ ಮಗುವಿಗೆ ಇಂಜಿನ್ನಿನ ರೆಕ್ಕೆ ತಗಲಬಾರದೆಂದು ಅವನು ತಕ್ಷಣ ಗೇರ್ ಕಳಚಿದ.

ಆ ನೀರಿನಲ್ಲಿ ಮಾಡಲೇಬಾರದ ಕೆಲಸ ಅದೊಂದೇ.

ದೋಣಿ ತನ್ನ ಬಲ ಕಳೆದುಕೊಂಡು ಅಡ್ಡ ತಿರುಗಿತು. ಹಿಂಭಾಗ ತಗ್ಗಿನ ಕಡೆಗೆ ಜಾರತೊಡಗಿತು. ಬೆಂಚಿನ ಮೇಲಿದ್ದ ಚೀಲಗಳು ಎಡಕ್ಕೆ ಉರುಳಿದವು. ದಿಮ್ಮಿ ಹತ್ತಿರ ಬಂದು ದೋಣಿಯ ಮೈಗೆ ಒಮ್ಮೆ ಗುದ್ದಿತು.

"ಗೇರ್ ಹಾಕೋ! ಏನ್ ಮಾಡ್ತಿದ್ದೀ?" ಗ್ಲೆನ್ನಾ ಕಿರುಚಿದಳು.

"ಚಿಕ್ಕವಳು ಎಲ್ಲಿ? ಎಲ್ಲಿ ಬಿದ್ಲು?"

"ಬಿದ್ದಿಲ್ಲ ಕಣೋ! ಚಿಕ್ಕವಳು! ನೀರಲ್ಲಿ!"

"ನೀರಲ್ಲೇ ಎಲ್ಲಿ?" ಅವನು ಗೂಡಿನಿಂದ ಅರ್ಧ ಹೊರಬಂದು, ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗ ಕಟ್ಟಿದ ತೇಲುಬಳೆಯನ್ನು ಕೈಯಲ್ಲಿ ಹಿಡಿದಿದ್ದ. ಚುಕ್ಕಾಣಿಯ ಮೇಲೆ ಯಾರ ಕೈಯೂ ಇರಲಿಲ್ಲ. ಎರಡನೆಯ ಗುದ್ದಿಗೆ ನಾನು ಮೊಣಕಾಲೂರಿದೆ. ಗ್ಲೆನ್ನಾ ಒಮ್ಮೆ ಆಕಾಶ ನೋಡಿದಳು.

"ಹಂದಿ!" ಎಂದಳು. "ಹಂದಿಮರಿ, ಮೆರಿಟ್! ಹಂದಿಮರಿ!"

ಅವನು ಕಪಾಳಕ್ಕೆ ಹೊಡೆಸಿಕೊಂಡವನಂತೆ ನಿಂತ. ಮರುಕ್ಷಣ ತೇಲುಬಳೆಯನ್ನು ಅಲ್ಲೇ ಬಿಸುಟು ಗೂಡಿಗೆ ನುಗ್ಗಿದ. ಇಂಜಿನ್ ಅರಚಿತು. ಸುಳಿ ಸುತ್ತುವ ದಿಕ್ಕಿಗೇ ದೋಣಿಯನ್ನು ಬಿಟ್ಟು, ಅರ್ಧ ಸುತ್ತು ಹೋಗಿ, ಅದರ ಅಂಚಿನಿಂದ ಹೊರಗೆ ಕಿತ್ತುಕೊಂಡ. ಹಿಂದೆ ದಿಮ್ಮಿ ಇಡಿಯಾಗಿ ಸುಳಿಯೊಳಗೆ ಹೋಯಿತು.

ಸಮ ನೀರಿಗೆ ಬಂದ ಮೇಲೆ ಗ್ಲೆನ್ನಾ ಗೂಡಿನ ಬಾಗಿಲಿಗೆ ಬಂದಳು.

"ನಂಗೆ ಕೇಳಿಸ್ತು," ಎಂದ ಅವನು, ಮೊದಲೇ.

"ಕೇಳಿಸಿಯೂ ಗೇರ್ ತೆಗ್ದ್ಯಾ?"

"ಕೇಳಿಸಿದ್ದಕ್ಕೇ ತೆಗ್ದೆ!"

ಅವಳು ಆ ಕೆಂಪು ಜಾಕೆಟ್ಟಿನ ಹುಡುಗಿಯನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. "ಹಾಗಾದ್ರೆ ಕರಾರು ಮುರಿದಿಲ್ಲ. ಚುಕ್ಕಾಣಿ ನಿಂದೇ."

"ಬೇಡ. ನೀನೇ ಹಿಡಿ," ಎಂದು ಅವನು ಪಕ್ಕಕ್ಕೆ ಸರಿದ. "ಆ ಮಾತು ಬಿದ್ದ ದೋಣೀನ ನಾನು ನಡೆಸಲ್ಲ."

"ಆ ಮಾತೇ ನಿನ್ನ ಬದುಕಿಸ್ತು, ಮುದುಕ."

"ಅದಕ್ಕೇ ಇನ್ನೂ ಹೆದರಿಕೆ."

ಆ ದಿನ ಬಿಟ್ಟ ಚುಕ್ಕಾಣಿಯನ್ನು ಅವನು ಮತ್ತೆ ಕೇಳಲಿಲ್ಲ, ಅವಳೂ ಕೊಡಲಿಲ್ಲ. ಈಗ ಮುಂತುದಿಯಲ್ಲಿ ನಿಲ್ಲುವವನು ಮೆರಿಟ್. ಚಿಕ್ಕವಳು ಎಂಬ ಮಾತನ್ನು ಗ್ಲೆನ್ನಾ ದೋಣಿಯಿಂದ ತೆಗೆದುಹಾಕಿದ್ದಾಳೆ. ಇನ್ನೊಂದು ಮಾತನ್ನು ಅವನು ಆಡುವುದಿಲ್ಲ. ಆದ್ದರಿಂದ ಸಣ್ಣ ಸುಳಿ ಬಾಯಿ ತೆರೆದಾಗ ಅವನು ಆ ದಿಕ್ಕಿಗೆ ಕೈ ಚಾಚಿ, ಮೂಗಿನಿಂದ ಗಟ್ಟಿಯಾಗಿ ಹಂದಿಯಂತೆ ಗುರುಗುಟ್ಟುತ್ತಾನೆ. ತಮ್ಮನ್ನು ನಗಿಸಲೆಂದೇ ಹೀಗೆ ಮಾಡುತ್ತಾನೆಂದು ತಿಳಿದು ಜನ ಚಪ್ಪಾಳೆ ತಟ್ಟುತ್ತಾರೆ. ಅವನು ಹಿಂತಿರುಗಿ ನೋಡುವುದಿಲ್ಲ. ಅವನ ಕಣ್ಣು ನೀರಿನ ಮೇಲಿರುತ್ತದೆ.